ಹನ್ನೆರಡನೇ ಸಲದ ನಕ್ಷೆ

ನಾನು ಹನ್ನೊಂದು ಸಲ ವಾಪಸ್ ಕಳಿಸಿದ್ದ ನಕ್ಷೆಯನ್ನು ಸ್ಕಂದ ಹನ್ನೆರಡನೇ ಸಲ ನನ್ನ ಮೇಜಿನ ಮೇಲಿಟ್ಟ.

“ಲಾವಣ್ಯಾ ಅವ್ರೇ, ಇವತ್ತಾದ್ರೂ ಸೈನ್ ಹಾಕ್ತೀರಾ?”

“ತಪ್ಪಿಲ್ದಿದ್ರೆ ಹಾಕ್ತೀನಿ,” ಎಂದೆ. ಅವನ ಮುಖ ನೋಡಲಿಲ್ಲ. ನೋಡಿದರೆ ನನ್ನ ಗಮನ ಕೆಡುತ್ತದೆ.

ಸ್ಟಾಕ್‌ಹೋಮ್‌ನ ನಮ್ಮ ಆಫೀಸಿನಲ್ಲಿ ಅವನು ಗೋಡೆಯ ನಕ್ಷೆ ಬರೆಯುವವನು, ನಾನು ತಪ್ಪು ಹುಡುಕುವವಳು. ಈ ಗೋಡೆ ಏಳುವುದು ಇಲ್ಲಲ್ಲ. ದೂರದ ಹಿಮದ ಬೆಟ್ಟಗಳಲ್ಲಿ, ಎರಡು ದೇಶಗಳು ‘ಈ ನೆಲ ನಮ್ಮದು’ ಎಂದು ಕಿತ್ತಾಡುತ್ತಿರುವ ಗಡಿಯಲ್ಲಿ. ನಾನು ಸೈನ್ ಹಾಕಿದ ಮರುವಾರವೇ ಅವನು ಆ ಸೈಟಿಗೆ ಹೊರಡಬೇಕು, ಎರಡು ವರ್ಷಕ್ಕೆ. ಒಲ್ಲೆ ಎಂದರೆ ಕೆಲಸ ಹೋಗುತ್ತದೆ, ಅದರ ಹಿಂದೆಯೇ ವರ್ಕ್ ಪರ್ಮಿಟ್ಟೂ. ನನಗಂತೂ ಸಾಕಾಗಿಹೋಗಿತ್ತು. ಆ ಗೋಡೆಯೂ ಸಾಕು, ಈ ಕೆಂಪು ಪೆನ್ನೂ ಸಾಕು.

ನಕ್ಷೆ ಬಿಚ್ಚಿ ಹರಡಿದೆ. ಪಾಯದ ಆಳ ಬರೀ ಅರವತ್ತು ಸೆಂಟಿಮೀಟರ್!

“ಅಯ್ಯೋ ಮಾರಾಯ್ರೇ, ಹಿಮ ಬೀಳೋ ಜಾಗದಲ್ಲಿ ಇಷ್ಟೇನಾ ಪಾಯ? ನೆಲ ಹೆಪ್ಪುಗಟ್ಟಿದ್ರೆ ಗೋಡೆ ವಾಲುತ್ತೆ. ಐದು ವರ್ಷದಿಂದ ಸ್ವೀಡನ್‌ನಲ್ಲಿದೀರ, ಅಷ್ಟೂ ಗೊತ್ತಿಲ್ವಾ?”

“ಗೊತ್ತು.”

ಹೋದ ಸಲ ಕಂಬಿ ಕಮ್ಮಿ. ಅದರ ಹಿಂದಿನ ಸಲ ಗೇಟೇ ಮಾಯ. ಈಗ ಹೊಳೆಯಿತು ನನಗೆ.

“ಬೇಕಂತ್ಲೇ ಮಾಡ್ತಿದೀರಾ?”

ಅವನು ಫಿಕಾಗೆ, ಅಂದರೆ ಇಲ್ಲಿನವರ ಕಾಫಿ ಬಿಡುವಿಗೆ, ಎಂದು ತಂದಿದ್ದ ದಾಲ್ಚಿನ್ನಿ ಬನ್ನನ್ನು ಮುರಿದು, ದೊಡ್ಡ ತುಂಡನ್ನು ನನ್ನತ್ತ ಸರಿಸಿದ. “ಎಲ್ಲಾ ಸರಿ ಇದ್ರೆ ಸೈನ್ ಹಾಕ್ಬಿಡ್ತೀರಿ. ಆಮೇಲೆ ನಾನು ಹೋಗ್ಬೇಕು. ನಿಮ್ಮನ್ನ ಬಿಟ್ಟು.”

ಕಿವಿ ಬಿಸಿಯಾಯಿತು. ಕಳ್ಳ! ನಾನೇನು ಕಡಿಮೆಯೇ? ಏಳನೇ ಸಲ ಒಂದು ತಪ್ಪೂ ಸಿಗದೆ, ಅಕ್ಷರ ಚಿಕ್ಕದಾಯಿತೆಂದು ವಾಪಸ್ ಕಳಿಸಿದ್ದೆ.

ಅದನ್ನೂ ಹೇಳಿಬಿಟ್ಟೆ. ಇಬ್ಬರೂ ನಕ್ಕೆವು. ದಣಿದವರ ನಗು, ಬೇಗ ಮುಗಿಯಿತು.

“ತಿದ್ಕೊಂಡ್ ಬಾ, ಸ್ಕಂದ,” ಎಂದೆ. “ಗೋಡೆ ಬಿದ್ರೆ ಅದರ ಕೆಳಗೆ ನಿಂತಿರೋರು ಸಾಯ್ತಾರೆ. ಆ ಪಾಪ ನಮಗ್ಯಾಕೆ?”

ಅರ್ಧ ಗಂಟೆಯಲ್ಲಿ ತಿದ್ದಿ ತಂದ. ಎರಡು ಸಲ ನೋಡಿದೆ. ಎಲ್ಲೂ ತಪ್ಪಿರಲಿಲ್ಲ. ಹಾಳಾದವನು ಮನಸ್ಸಿಟ್ಟರೆ ಎಷ್ಟು ಚೆನ್ನಾಗಿ ಬರೆಯುತ್ತಾನೆ! ಸೈನ್ ಹಾಕಿದೆ.

“ಕಾಯ್ತೀಯಾ?” ಎಂದ.

“ಎರಡೇ ವರ್ಷ. ಒಂದು ದಿನ ಹೆಚ್ಚಾದ್ರೂ ನಾನೇ ಬಂದು, ಆ ಗೋಡೆ ಹಾರಿ, ನಿನ್ನ ಎಳ್ಕೊಂಡ್ ಬರ್ತೀನಿ.”

“ಹಾರೋಕಾಗಲ್ಲ ಕಣೇ.” ಅವನು ನಕ್ಷೆ ಸುತ್ತಿಕೊಂಡ. “ಚೆಕ್ ಮಾಡಿದ್ದು ನೀನೇ.”