ನೋಡಿದೆ

ಸೋಮವಾರ ಬೆಳಿಗ್ಗೆ 10.40ಕ್ಕೆ ವಿಶ್ವವಿದ್ಯಾಲಯದ ಶಿಕ್ಷಣ ವಿಭಾಗದ ಮುಖ್ಯಸ್ಥರು ಮೂರು ಪುಟದ ದೂರು ಹಿಡಿದು ಠಾಣೆಗೆ ಬಂದರು. ಮೊದಲೆರಡು ಪುಟಗಳಲ್ಲಿ ವಿಭಾಗದ ಇತಿಹಾಸವಿತ್ತು. ಕಳವಿನ ವಿಷಯ ಮೂರನೆಯ ಪುಟದ ಕೊನೆಗಿತ್ತು.

"ಏನು ಹೋಗಿದೆ, ಒಂದು ಮಾತಲ್ಲಿ ಹೇಳಿ ಸರ್," ಎಂದರು ಇನ್ಸ್‌ಪೆಕ್ಟರ್. ಆಕೆ ಬೆಳಗಿನಿಂದ ಎರಡು ಜಗಳ ಬಿಡಿಸಿ ಆಗಲೇ ಸುಸ್ತಾಗಿದ್ದರು.

"ಒಂದು ಮಾತಲ್ಲಿ ಆಗಲ್ಲ ಮೇಡಂ. ಹಿನ್ನೆಲೆ ಬೇಕಾಗುತ್ತೆ."

"ಹಿನ್ನೆಲೆ ಆಮೇಲೆ. ವಸ್ತು?"

"ರೆಕಾರ್ಡ್ ಪುಸ್ತಕಗಳು. ನಲವತ್ತೆರಡು."

ಶಾಲಾ ಶಿಕ್ಷಕರಾಗಲು ಓದುತ್ತಿರುವವರು ನಲವತ್ತೆರಡು ಮಂದಿ. ಪ್ರತಿಯೊಬ್ಬರೂ ಎಂಟು ವಾರ ನಾಲ್ಕು ಶಾಲೆಗಳಲ್ಲಿ ಒಂದಕ್ಕೆ ಹೋಗಿ ನಲವತ್ತು ಪಾಠ ಮಾಡಬೇಕು. ಪ್ರತಿ ಪಾಠಕ್ಕೂ ಯೋಜನೆ ಬರೆಯಬೇಕು. ಮೇಲ್ವಿಚಾರಕ ಪ್ರಾಧ್ಯಾಪಕರು ಹಿಂದಿನ ಬೆಂಚಿನಲ್ಲಿ ಕೂತು ಪಾಠ ನೋಡಿ, ಯೋಜನೆಯ ಕೆಳಗೆ ಅಭಿಪ್ರಾಯ ಬರೆದು, ಹತ್ತಕ್ಕೆ ಇಷ್ಟು ಎಂದು ಅಂಕ ಹಾಕಿ ಸಹಿ ಮಾಡಬೇಕು. ಇದೆಲ್ಲ ಇರುವುದು ಆ ಪುಸ್ತಕಗಳಲ್ಲಿ. ಗುರುವಾರ ಹೊರಗಿನ ಪರೀಕ್ಷಕರು ಬರುತ್ತಾರೆ. ಅಂಕಪಟ್ಟಿ ಇದ್ದವರಷ್ಟೇ ಸರ್ಕಾರಿ ಶಾಲೆಯ ಕೆಲಸಕ್ಕೆ ಅರ್ಜಿ ಹಾಕಬಹುದು. ಅರ್ಜಿಗೆ ಶನಿವಾರ ಕೊನೆಯ ದಿನ.

"ಪುಸ್ತಕ ಸಿಗದಿದ್ರೆ?"

"ನಿಯಮ ಹದಿನಾಲ್ಕರ ಪ್ರಕಾರ ಒಬ್ಬೊಬ್ಬರೂ ಪರೀಕ್ಷಕರ ಎದುರಿಗೆ ಹೊಸದಾಗಿ ಒಂದು ಪಾಠ ಮಾಡಬೇಕು. ನಲವತ್ತೆರಡು ಪಾಠ! ಯಾರು ಮೇಡಂ ಕೂತು ನೋಡ್ತಾರೆ?"

11.15ಕ್ಕೆ ಎಫ್‌ಐಆರ್ ದಾಖಲಾಯಿತು. 12.10ಕ್ಕೆ ಇನ್ಸ್‌ಪೆಕ್ಟರ್ ಮತ್ತು ದಫೇದಾರರು ವಿಭಾಗಕ್ಕೆ ಹೋದರು.

ಪುಸ್ತಕಗಳಿದ್ದ ಕಬ್ಬಿಣದ ಬೀರು ಕಚೇರಿಯ ಮೂಲೆಯಲ್ಲಿತ್ತು. ಬೀಗ ಒಡೆದಿರಲಿಲ್ಲ.

"ಕೀಲಿ ಎಲ್ಲಿರುತ್ತೆ?"

"ಭದ್ರವಾಗಿರುತ್ತೆ ಮೇಡಂ," ಎಂದ ಜವಾನ ಬಾಗಿಲ ಹಿಂದಿನ ಮೊಳೆಯತ್ತ ಕೈ ತೋರಿಸಿದ.

"ಅಲ್ಲಿರೋದು ಯಾರಿಗೆ ಗೊತ್ತು?"

"ಎಲ್ಲರಿಗೂ ಗೊತ್ತು. ಇಲ್ಲಾಂದ್ರೆ ಪ್ರತಿ ಸಲ ನನ್ನನ್ನೇ ಕರೀತಾರಲ್ಲ!"

ಶುಕ್ರವಾರ ಸಂಜೆ ಪುಸ್ತಕಗಳನ್ನು ಎಣಿಸಿ ಇಟ್ಟಿದ್ದರು. ಶನಿವಾರ ಒಂದೂವರೆಗೆ ಕಚೇರಿ ಮುಚ್ಚಿದ್ದರೂ ಮೌಲ್ಯಮಾಪನದ ಕೆಲಸವಿದೆಯೆಂದು ಹೊರಬಾಗಿಲಿಗೆ ಬೀಗ ಹಾಕಿರಲಿಲ್ಲ. ಒಂದು ಪುಸ್ತಕ ಸುಮಾರು ಒಂದು ಕಿಲೋ. ನಲವತ್ತೆರಡು ಕಿಲೋ ಕಾಗದವನ್ನು ಯಾರೋ ಹಾಡಹಗಲೇ ಹೊತ್ತು ನಡೆದಿದ್ದರು. ನೋಡಿದವರು ಯಾರೂ ಇರಲಿಲ್ಲ. ಇನ್ಸ್‌ಪೆಕ್ಟರ್ ಕೇಳಿದ ಏಳು ಮಂದಿಯಲ್ಲಿ ಐದು ಮಂದಿ "ಲಿಖಿತವಾಗಿ ಕೇಳಿ" ಎಂದರು. ಒಬ್ಬರು ಸಮಿತಿ ರಚಿಸುವಂತೆ ಸಲಹೆ ಕೊಟ್ಟರು.

ಪಂಚನಾಮೆಗೆ ಜವಾನ ಮತ್ತು ವಿಭಾಗಕ್ಕಿದ್ದ ಒಬ್ಬರೇ ಮೇಲ್ವಿಚಾರಕ ಪ್ರಾಧ್ಯಾಪಕರು ಪಂಚರಾದರು. ಪ್ರಾಧ್ಯಾಪಕರಿಗೆ ಐವತ್ತೆಂಟು ವರ್ಷ, ತೆಳ್ಳಗಿನ ಆಳು. ಅಂಗಿಯ ಜೇಬಿನಲ್ಲಿ ಕೆಂಪು ಪೆನ್ನು. ದಫೇದಾರರು ತಮ್ಮ ರೂಢಿಯಂತೆ ಖಾಲಿ ಹಾಳೆಯನ್ನೇ ಮುಂದಿಟ್ಟರು. ಜವಾನ ಹೆಸರು ಗೀಚಿದ. ಪ್ರಾಧ್ಯಾಪಕರು ಕಿಟಕಿಯಾಚೆ ನೋಡುತ್ತಲೇ ಕೆಂಪು ಪೆನ್ನು ತೆಗೆದು ಹಾಳೆಯ ಕೆಳಗೆ ಬರೆದರು: "ನೋಡಿದೆ." ಸಹಿ. ದಿನಾಂಕ.

"ಏನು ನೋಡಿದ್ರಿ ಸರ್?" ಇನ್ಸ್‌ಪೆಕ್ಟರ್ ಕೇಳಿದರು.

"ಹಾಂ?"

"ಹಾಳೆ ಖಾಲಿ ಇದೆ."

ಅವರ ಕಿವಿ ಕೆಂಪಾಯಿತು. "ಅಭ್ಯಾಸಬಲ ಮೇಡಂ."

ಇನ್ಸ್‌ಪೆಕ್ಟರ್ ದಫೇದಾರರ ಕಡೆ ತಿರುಗಿದರು. "ಬರೆದು, ಓದಿ ಹೇಳಿ, ಆಮೇಲೆ ಸಹಿ. ಎಷ್ಟು ಸಲ ಹೇಳಬೇಕು ನಿಮಗೆ?"

"ಊಟದ ಹೊತ್ತು ಮೇಡಂ. ಬರೆಯೋಷ್ಟರಲ್ಲಿ ಪಂಚರೇ ಮಾಯವಾಗ್ತಾರೆ."

"ಮಾಯವಾದ್ರೆ ಅದನ್ನೂ ಬರೀರಿ."

ಹೊಸ ಪಂಚನಾಮೆ ಬರೆದದ್ದಾಯಿತು. ಖಾಲಿ ಹಾಳೆಯನ್ನು ಇನ್ಸ್‌ಪೆಕ್ಟರ್ ಹರಿಯಲಿಲ್ಲ, ಕಡತದೊಳಗೆ ಇಟ್ಟುಕೊಂಡರು. ಸಂಜೆಯವರೆಗೆ ದಫೇದಾರರು ಊರಿನ ರದ್ದಿ ಅಂಗಡಿಗಳನ್ನೆಲ್ಲ ಜಾಲಾಡಿ, ಒಂದು ಹಾಳೆಯೂ ಸಿಗದೆ, ತಲೆ ತುಂಬ ದೂಳು ಹೊತ್ತು ಬಂದರು.

ಮಂಗಳವಾರ 9.20ಕ್ಕೆ ಒಬ್ಬ ಹೆಂಗಸು ಠಾಣೆಗೆ ಬಂದಳು. ಆ ನಲವತ್ತೆರಡು ಮಂದಿಯ ತರಗತಿ ಪ್ರತಿನಿಧಿ, ಇಬ್ಬರು ಮಕ್ಕಳ ತಾಯಿ. ಎದೆಗವಚಿಕೊಂಡ ಪ್ಲಾಸ್ಟಿಕ್ ಚೀಲ.

"ಮೇಡಂ, ಪುಸ್ತಕ ಸಿಗುತ್ತಾ?"

"ಹುಡುಕ್ತಾ ಇದ್ದೀವಮ್ಮ."

"ನನಗೆ ವಯೋಮಿತಿ ಇದೇ ವರ್ಷಕ್ಕೆ ಮುಗಿಯುತ್ತೆ. ಶನಿವಾರದೊಳಗೆ ಅರ್ಜಿ ಹಾಕದಿದ್ರೆ ಎರಡು ವರ್ಷ ಓದಿದ್ದೆಲ್ಲ ನೀರಲ್ಲಿ ಹೋಮ."

"ಚೀಲದಲ್ಲೇನು?"

"ನನ್ನ ಪುಸ್ತಕದ ಜೆರಾಕ್ಸ್. ಇದರಿಂದ ಅಂಕ ಹಾಕ್ತಾರಾ ಅಂತ ಕೇಳೋಣ ಅಂತ ಹೊರಟಿದ್ದೆ. ಮುಖ್ಯಸ್ಥರ ಬಾಗಿಲ ತನಕ ಹೋಗಿ ವಾಪಸ್ ಬಂದೆ."

"ಯಾಕೆ?"

ಅವಳು ಚೀಲದಿಂದ ಹಾಳೆಗಳನ್ನು ತೆಗೆದು ಮುಂದಿಟ್ಟಳು. ಇನ್ಸ್‌ಪೆಕ್ಟರ್ ಹಾಳೆ ತಿರುವಿದರು. ನಲವತ್ತು ಪಾಠಯೋಜನೆ, ಪ್ರತಿಯೊಂದರ ಕೆಳಗೂ ಅದೇ ಕೈಬರಹ. ನೋಡಿದೆ. ನೋಡಿದೆ. ನೋಡಿದೆ.

"ಎಲ್ಲವನ್ನೂ ಬಂದು ನೋಡಿದ್ರಾ?"

"ನನ್ನ ಪಾಠಕ್ಕೆ ಒಂದು ದಿನವೂ ಬಂದಿಲ್ಲ ಮೇಡಂ. ಸಂಜೆ ಪುಸ್ತಕಗಳನ್ನ ರಾಶಿ ಹಾಕಿಕೊಂಡು ಬರೀತಿದ್ರು. ಹುಡುಗ್ರು ಅವರನ್ನ 'ನೋಡಿದೆ ಸರ್' ಅಂತಾನೇ ಕರೆಯೋದು." ಅವಳು ತಾನೇ ಹಾಳೆ ಹುಡುಕಿ ಒಂದರ ಮೇಲೆ ಬೆರಳಿಟ್ಟಳು. ಹದಿನಾಲ್ಕನೇ ತಾರೀಖು. ಬೆಳಕಿನ ಪ್ರತಿಫಲನ. "ನೋಡಿದೆ. ಕಪ್ಪುಹಲಗೆಯ ಬಳಕೆ ಉತ್ತಮ." ಹತ್ತಕ್ಕೆ ಒಂಬತ್ತು.

"ಆವತ್ತು ಶಾಲೆಯೇ ಇರಲಿಲ್ಲ," ಎಂದಳು. "ಹಿಂದಿನ ರಾತ್ರಿ ಚಾವಣಿ ಗಾರೆ ಉದುರಿ ಹಲಗೆ ಸಮೇತ ಕೆಳಗೆ ಬಿದ್ದಿತ್ತು. ರಜೆ ಕೊಟ್ಟಿದ್ರು. ನನಗೆ ನಲವತ್ತು ಲೆಕ್ಕ ತುಂಬಬೇಕಿತ್ತು. ಮನೇಲಿ ಕೂತು ಬರೆದೆ. ಇದನ್ನ ನಿಮಗೆ ಕೊಟ್ರೆ ನನ್ನ ಗತಿ ಏನು?"

"ಸುಳ್ಳು ಹೇಳಲ್ಲ. ಗೊತ್ತಿಲ್ಲ."

ಅವಳು ಕಣ್ಣೊರೆಸಿಕೊಂಡು ಚೀಲವನ್ನು ಮೇಜಿನ ಮೇಲೆ ಬಿಟ್ಟು ಎದ್ದಳು.

ಇನ್ಸ್‌ಪೆಕ್ಟರ್ ಒಂದು ಚೀಟಿಯ ಮೇಲೆ ಲೆಕ್ಕ ಹಾಕಿದರು. ನಲವತ್ತೆರಡು ಮಂದಿ, ನಲವತ್ತು ಪಾಠ: 1,680. ದಿನಕ್ಕೆ ಆರು ಪೀರಿಯಡ್, ಕೆಲಸದ ದಿನ ನಲವತ್ತು: ಒಬ್ಬ ಮನುಷ್ಯ ಊಟ ಬಿಟ್ಟು ನೋಡಿದರೂ 240. ಏಳರಲ್ಲಿ ಒಂದು. ಅದೂ ನಾಲ್ಕು ಶಾಲೆಗಳ ನಡುವೆ ಹಾರಿಕೊಂಡು ಹೋದರೆ.

"ಈ ಲೆಕ್ಕ ಯೂನಿವರ್ಸಿಟಿಯವರಿಗೆ ಬರಲ್ವಾ ಮೇಡಂ?" ದಫೇದಾರರು ಕೇಳಿದರು.

"ಹಾಕಿ ನೋಡಿದ್ರೆ ತಾನೇ ಬರೋದು."

ಹದಿನಾಲ್ಕನೇ ತಾರೀಖಿನ ರಜೆ ಖಚಿತಪಡಿಸಿಕೊಳ್ಳಲು 11.30ಕ್ಕೆ ಶಾಲೆಗೆ ಹೋದರು. ಹೊಸ ಗಾರೆಯ ತೇಪೆ ಚಾವಣಿಯ ಮೇಲೆ ಇನ್ನೂ ಬೆಳ್ಳಗಿತ್ತು. ಮುಖ್ಯೋಪಾಧ್ಯಾಯಿನಿ ಸಂದರ್ಶಕರ ಪುಸ್ತಕ ತೆಗೆದು ಕೊಟ್ಟರು. ಎಂಟು ವಾರಗಳಲ್ಲಿ ಪ್ರಾಧ್ಯಾಪಕರು ಅಲ್ಲಿಗೆ ಬಂದದ್ದು ಮೂರು ಸಲ. ಇನ್ಸ್‌ಪೆಕ್ಟರ್ ಪುಸ್ತಕ ಮುಚ್ಚುವವರಿದ್ದರು. ಏನೋ ಅನಿಸಿ ಕೊನೆಯ ಪುಟಕ್ಕೆ ಹೋದರು.

ಕಳೆದ ಶನಿವಾರ, ಮಧ್ಯಾಹ್ನ 3.10. ಅದೇ ಕೆಂಪು ಅಕ್ಷರ. ಬಂದ ಉದ್ದೇಶ: ಪಾಠ ವೀಕ್ಷಣೆ.

"ಶನಿವಾರ ಮಧ್ಯಾಹ್ನ ಪಾಠ ಇರುತ್ತಾ?"

"ಎಲ್ಲಿಯ ಪಾಠ! ಅವರ ಟ್ರೈನಿಂಗ್ ಮುಗಿದೇ ಮೂರು ವಾರ ಆಯ್ತು. ಹಳೇ ಚಾರ್ಟ್ ಇವೆ, ಲ್ಯಾಬ್ ಕಪಾಟಿನಲ್ಲಿ ಇಡ್ತೀನಿ ಅಂದ್ರು. ಪಾಪ, ಬಾಡಿಗೆ ಗಾಡಿಯಿಂದ ಒಬ್ಬರೇ ನಾಲ್ಕು ಸಲ ಹೊತ್ತರು."

12.25ಕ್ಕೆ ಪಂಚರ ಸಮಕ್ಷಮ ಕಪಾಟು ತೆಗೆಯಲಾಯಿತು. ಮಸೂರಗಳ ಪೆಟ್ಟಿಗೆಯ ಹಿಂದೆ ನಲವತ್ತೆರಡು ಪುಸ್ತಕಗಳನ್ನು ಕ್ರಮಸಂಖ್ಯೆಯ ಪ್ರಕಾರ ಜೋಡಿಸಿಡಲಾಗಿತ್ತು. ಈ ಸಲ ದಫೇದಾರರು ಪೂರ್ತಿ ಬರೆದು, ಗಟ್ಟಿಯಾಗಿ ಓದಿ, ನಂತರ ಸಹಿ ಪಡೆದರು.

4.30ಕ್ಕೆ ಪ್ರಾಧ್ಯಾಪಕರನ್ನು ಅವರ ಕೋಣೆಯಲ್ಲೇ ಬಂಧಿಸಲಾಯಿತು. ಅವರು ಅಲ್ಲಗಳೆಯಲಿಲ್ಲ.

"ಕೆಲಸ ಹೋಗುತ್ತೆ ಅನ್ನೋ ಭಯಕ್ಕೆ ಬಚ್ಚಿಟ್ರಾ?"

"ಭಯಕ್ಕಾದ್ರೆ ಸುಟ್ಟು ಹಾಕ್ತಿದ್ದೆ. ಶುಕ್ರವಾರ ಅಂಕ ಕೂಡ್ತಿದ್ದೆ ಮೇಡಂ. ಹದಿನಾಲ್ಕನೇ ತಾರೀಖು ಕಣ್ಣಿಗೆ ಬಿತ್ತು. ಗಾರೆ ಉದುರಿದ ವಿಷಯ ಶಾಲೆಯವರು ಆಮೇಲೆ ಹೇಳಿದ್ರು. ಹಲಗೆ ನೆಲದ ಮೇಲೆ ಬಿದ್ದಿದ್ದ ದಿನ ಹಲಗೆಯ ಬಳಕೆ ಉತ್ತಮ ಅಂತ ಬರೆದಿದ್ದೀನಿ. ಆ ಹುಡುಗಿ ಪಾಠ ಮಾಡಿಲ್ಲ, ನಾನು ನೋಡಿಲ್ಲ, ಹತ್ತಕ್ಕೆ ಒಂಬತ್ತು. ಈ ನಲವತ್ತೆರಡು ಜನ ಪಾಠ ಮಾಡೋದನ್ನ ಈವರೆಗೆ ಯಾರೂ ಸರಿಯಾಗಿ ನೋಡೇ ಇಲ್ಲ. ಮುಂದಿನ ತಿಂಗಳು ಮಕ್ಕಳ ಮುಂದೆ ನಿಲ್ತಾರೆ. ಪುಸ್ತಕ ಇಲ್ಲದಿದ್ರೆ ಒಂದೊಂದು ಪಾಠವನ್ನಾದ್ರೂ ನೋಡಲೇಬೇಕಲ್ಲ."

"ಬಾಯಿ ಬಿಟ್ಟು ಹೇಳಬಹುದಿತ್ತಲ್ಲ ಸರ್!" ಇನ್ಸ್‌ಪೆಕ್ಟರ್ ದನಿ ಏರಿತು. "ಒಬ್ಬಳು ಶನಿವಾರದ ಚಿಂತೆಯಲ್ಲಿ ಠಾಣೆಯಲ್ಲಿ ಕೂತು ಅಳ್ತಾಳೆ!"

ಪ್ರಾಧ್ಯಾಪಕರು ಡ್ರಾಯರ್ ಎಳೆದು ಮೂರು ಪತ್ರ ತೆಗೆದರು. ಮೂರೂ ಮುಖ್ಯಸ್ಥರಿಗೆ ಬರೆದವು. ಇಬ್ಬರು ಅತಿಥಿ ಉಪನ್ಯಾಸಕರನ್ನು ಕೆಲಸದಿಂದ ಬಿಡಿಸಿದ್ದಾರೆ, ಒಬ್ಬನಿಂದ ಪಾಠ ನೋಡುವುದು ಅಸಾಧ್ಯ, ಸಹಾಯ ಕೊಡಿ. ಮೂರರ ಮೂಲೆಯಲ್ಲೂ ಹಸಿರು ಶಾಯಿಯಲ್ಲಿ ಒಂದೇ ಪದ, ಮುಖ್ಯಸ್ಥರ ಸಹಿ: "ನೋಡಲಾಗಿದೆ."

ಸಂಜೆ ಮುಖ್ಯಸ್ಥರು ಪುಸ್ತಕ ಒಯ್ಯಲು ಓಡಿಬಂದರು.

"ಅವು ಈಗ ಮುದ್ದೆಮಾಲು, ಕೇಸಿನ ಸಾಕ್ಷ್ಯ ಸರ್. ನ್ಯಾಯಾಲಯದ ಅಪ್ಪಣೆ ಇಲ್ಲದೆ ಕೊಡೋ ಹಾಗಿಲ್ಲ."

"ಗುರುವಾರದೊಳಗೆ ಸಿಗುತ್ತಾ?"

"ಲಿಖಿತವಾಗಿ ಕೇಳಿ. ನಿಯಮ ಹದಿನಾಲ್ಕು ಇದೆಯಲ್ಲ!"

ಗುರುವಾರ, ಶುಕ್ರವಾರ ನಾಲ್ಕು ಶಾಲೆಗಳಲ್ಲಿ ನಲವತ್ತೆರಡು ಪಾಠಗಳು ನಡೆದವು. ಹೊರಗಿನಿಂದ ಮೂವರು ಪರೀಕ್ಷಕರು ಬಂದರು. ನಾಲ್ಕನೆಯವರು ಸಿಗದೆ ಮುಖ್ಯಸ್ಥರೇ ಮಕ್ಕಳ ಬೆಂಚಿನಲ್ಲಿ ಮೊಣಕಾಲು ಮಡಚಿ ಕೂತರು. ಪ್ರತಿನಿಧಿಯ ಪಾಠ ಶುಕ್ರವಾರ ಮೂರನೇ ಪೀರಿಯಡ್. ಅವಳ ಹೇಳಿಕೆ ಪಡೆಯಲು ಹೋಗಿದ್ದ ಇನ್ಸ್‌ಪೆಕ್ಟರ್ ಬಾಗಿಲ ಬಳಿ ನಿಂತವರು ಅಲ್ಲೇ ಉಳಿದರು. ಅದೇ ಬೆಳಕಿನ ಪ್ರತಿಫಲನ. ಸಂಜೆ ಅವಳ ಅಂಕಪಟ್ಟಿ ಬಂತು. ಹತ್ತಕ್ಕೆ ಆರು. ಅರ್ಜಿಗೆ ಸಾಕಾಗುವಷ್ಟು.

ಅದೇ ಸಂಜೆ 5.45ಕ್ಕೆ ಜಾಮೀನಿನ ಷರತ್ತಿನಂತೆ ಪ್ರಾಧ್ಯಾಪಕರು ಠಾಣೆಗೆ ಸಹಿ ಹಾಕಲು ಬಂದರು. ಜೇಬಿನಲ್ಲಿ ಪೆನ್ನಿರಲಿಲ್ಲ. ದಫೇದಾರರು ತಮ್ಮದನ್ನೇ ಕೊಟ್ಟರು. ಅವರು ರಿಜಿಸ್ಟರಿನ ಸಾಲನ್ನು ಎರಡು ಸಲ ಓದಿ, ಹೆಸರಷ್ಟೇ ಬರೆದರು.

"ಬೆಲ್ ಹೊಡೆಯೋ ತನಕ ಕೂತಿದ್ರಾ ಮೇಡಂ, ಪರೀಕ್ಷಕರು?"

"ಕೂತಿದ್ರು."

"ಆ ಹುಡುಗಿ ಹೇಗೆ ಮಾಡಿದ್ಲು?"

ಇನ್ಸ್‌ಪೆಕ್ಟರ್ ನೆನಪಿಸಿಕೊಂಡರು. "ಮೊದಲ ಹತ್ತು ನಿಮಿಷ ಹಲಗೆ ಕಡೆಗೇ ಮುಖ. ಮಕ್ಕಳಿಗೆ ಬರೀ ಬೆನ್ನು ಕಾಣ್ತಿತ್ತು. ಹಿಂದಿನ ಸಾಲಲ್ಲಿ ಒಬ್ಬ ಏನೋ ಕೇಳಿದ. ಆಗ ತಿರುಗಿದಳು. ಆಮೇಲೆ ತಿರುಗಿಯೇ ಇದ್ದಳು."

ಪ್ರಾಧ್ಯಾಪಕರು ಪೆನ್ನಿನ ಮುಚ್ಚಳ ಹಾಕಿ ವಾಪಸ್ ಕೊಟ್ಟರು.

"ಅದನ್ನ ಅವಳಿಗೆ ಯಾರಾದ್ರೂ ಬರೆದು ಕೊಟ್ರಾ?"