ತಪ್ಪು ಬೆನ್ನಿಗೆ ಹಿಡಿದ ಅಂಗಿ

"ಅಲ್ಲಾಡಬೇಡ ಕಣೋ! ನೆಟ್ಟಗೆ ನಿಲ್ಲು!"

ಬಟ್ಟೆ ಅಂಗಡಿಯಲ್ಲಿ ತಿಳಿನೀಲಿ ಹತ್ತಿ ಅಂಗಿಯನ್ನು ಆ ಅಗಲವಾದ ಬೆನ್ನಿಗೆ ಹಿಡಿದು ಅವಳು ಭುಜದ ಅಳತೆ ನೋಡುತ್ತಿದ್ದಳು. ಬೆನ್ನು ಮೆಲ್ಲಗೆ ತಿರುಗಿತು.

ಅಯ್ಯೋ... ಇದು ಅಣ್ಣನ ಮುಖವಲ್ಲ!

"ನೆಟ್ಟಗೇ ನಿಂತಿದ್ದೀನಿ. ಸರಿ ಹೋಗುತ್ತಾ?" ಎಂದ ಆ ಅಪರಿಚಿತ.

ಅವಳ ಕೆನ್ನೆ ಕೆಂಪೇರಿತು. ಅಣ್ಣ ಯಾವ ಮಾಯದಲ್ಲಿ ಟ್ರಯಲ್ ರೂಮಿಗೆ ಹೊಕ್ಕನೋ! "ಸಾರಿ... ನಮ್ಮೋನು ಅಂದ್ಕೊಂಡೆ. ಅವನೂ ನಿಮ್ಮಷ್ಟೇ ಎತ್ತರ."

"ಹಾಗಾದ್ರೆ ನನಗೂ ಒಂದೆರಡು ಆರಿಸಿಕೊಡಿ. ನಾನು ಬೇಕರಿಯವನು. ಈ ಬೇಸಿಗೇಲಿ ಬ್ರೆಡ್‌ಗಿಂತ ಮೊದಲು ನಾನೇ ಬೇಯ್ತಿದ್ದೀನಿ!"

ಅವನ ಕೈಯಲ್ಲಿ ಮಿರಮಿರ ಮಿಂಚುವ ಕಪ್ಪು ಪಾಲಿಯೆಸ್ಟರ್ ಅಂಗಿ.

"ಇದಾ? ಇದನ್ನ ಹಾಕ್ಕೊಂಡ್ರೆ ಬೇಕರಿಗೆ ಬೇರೆ ಒಲೆನೇ ಬೇಡ!"

ಹೇಳಿದವಳೇ ಗೊಳ್ಳೆಂದು ನಕ್ಕುಬಿಟ್ಟಳು. ಮರುಕ್ಷಣ ಬಾಯಿ ಮುಚ್ಚಿಕೊಂಡಳು.

ಮದುವೆ ಗೊತ್ತಾಗಿದ್ದ ಹುಡುಗ, 'ನಿನ್ನ ನಗು ಕೇಳಿದ್ರೆ ನಾಲ್ಕು ಜನರ ಮುಂದೆ ನಾಚಿಕೆಯಾಗುತ್ತೆ' ಎಂದು ಸಂಬಂಧ ಮುರಿದುಕೊಂಡಿದ್ದ. ಅಂದಿನಿಂದ ಅವಳು ಹೊರಗೆಲ್ಲೂ ಹೀಗೆ ನಕ್ಕಿರಲಿಲ್ಲ.

"ಯಾಕೆ ನಿಲ್ಲಿಸಿದ್ರಿ?" ಎಂದ ಅವನು ಮೆತ್ತಗೆ.

ಅವಳು ಮಾತು ತಪ್ಪಿಸಲು ಬಿಳಿ ಲಿನನ್ ಅಂಗಿಯೊಂದನ್ನು ಬೆಳಕಿಗೆ ಹಿಡಿದಳು. "ನೋಡಿ, ಹೀಗೆ ಗಾಳಿಯಾಡೋ ಬಟ್ಟೆ ಇರಬೇಕು. ತೋಳು ಸಡಿಲ ಇರಲಿ, ಬಣ್ಣ ತೆಳು ಇರಲಿ."

ಅಂಗಿ ತೆಗೆದುಕೊಳ್ಳುವಾಗ ಬೆರಳಿಗೆ ಬೆರಳು ತಗುಲಿತು. ಇಬ್ಬರೂ ಕೈ ಹಿಂದೆಗೆಯಲಿಲ್ಲ...

ಅಷ್ಟರಲ್ಲಿ ಅಣ್ಣ ಹೊರಬಂದ. "ಏ, ಇದು ಹೇಗಿದೆ? ನೀನು ಹೂಂ ಅನ್ನದೆ ನಾನು ಯಾವ ಅಂಗಿ ತಾನೇ ತಗೊಂಡಿದ್ದೀನಿ!"

ಬೇಕರಿಯವನ ಮುಖ ಬಾಡಿತು. "ನಾನು... ಬರ್ತೀನಿ." ಲಿನನ್ ಅಂಗಿಯನ್ನು ಅಲ್ಲೇ ಇಟ್ಟು ಸರಸರನೆ ಹೊರನಡೆದ.

ಅವಳ ಕಣ್ಣು ತುಂಬಿತು. ಮತ್ತೆ ಅದೇ... ಇವನಿಗೂ ನಾನು ಅತಿಯಾದೆನಾ? ಅಂದು ಆ ಹುಡುಗನನ್ನು ಏನೂ ಕೇಳದೆ ಬಿಟ್ಟುಕೊಟ್ಟಿದ್ದಳು. ಇವತ್ತು ಇಲ್ಲ!

"ಅಣ್ಣಾ, ಈಗ ಬಂದೆ!" ಎನ್ನುತ್ತಲೇ ಓಡಿದಳು.

ಹೊರಗೆ ಸುಡುಬಿಸಿಲು. "ನಿಲ್ರೀ! ನನ್ನ ನಗು ಅಷ್ಟು ಕೆಟ್ಟದಾಗಿತ್ತಾ?"

ಅವನು ದಂಗಾಗಿ ತಿರುಗಿದ. "ಕೆಟ್ಟದಾ? ಇನ್ನೊಂದು ಸಲ ಕೇಳಿದ್ದಿದ್ರೆ ಅಲ್ಲಿಂದ ಕಾಲು ಕೀಳೋಕೇ ಆಗ್ತಿರಲಿಲ್ಲ! ಅದಕ್ಕೇ ಹೊರಟೆ. ನಿಮ್ಮ ಯಜಮಾನರ ಎದುರು ನಿಂತು, ನಿಮ್ಮನ್ನ ಹಾಗೆ ನೋಡೋದು ತಪ್ಪಲ್ವಾ?"

"ಯಾವ ಯಜಮಾನರು? ಅವನು ನನ್ನ ಒಡಹುಟ್ಟಿದ ಅಣ್ಣ!"

ಅವನು ಒಂದು ಹೆಜ್ಜೆ ಹತ್ತಿರ ಬಂದ. "ಅಂದ್ರೆ... ನಿಮಗಿನ್ನೂ ಮದುವೆ..."

"ಆಗಿಲ್ಲ."

"ನನಗೂ ಆಗಿಲ್ಲ!" ಅವನು ಕೂಗಿದ ರಭಸಕ್ಕೆ ಸೈಕಲ್ಲಿನಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು. ಅವನು ನಾಚಿ ತಲೆ ಕೆರೆದುಕೊಂಡ.

"ಬನ್ನಿ, ಅಣ್ಣನಿಗೆ ಪರಿಚಯ ಮಾಡಿಸ್ತೀನಿ."

"ಏನಂತ?"

ಅವಳು ಮುಖ ತಗ್ಗಿಸಿದಳು. "ದಾರೀಲಿ ಯೋಚಿಸೋಣ... ಸ್ವಲ್ಪ ನಿಧಾನಕ್ಕೆ ನಡೀರಿ."