ಮೂಗಿನ ಮೇಲಿನ ಬೆವರು

ಎಂಬತ್ತರ ದಶಕದ ಮೊದಲಲ್ಲಿ ಜುಂಜಪ್ಪ ಮಧುಗಿರಿ-ಪಾವಗಡ ಪ್ರೈವೇಟ್ ಬಸ್ಸಿನ ಕಂಡಕ್ಟರ್. ಒಂದು ದಿನ ಅವನ ಸೋದರತ್ತೆಯ ಮಗಳು ಭೀಮಕ್ಕ ಬಸ್ಸು ಹತ್ತಿದಳು. ಸೀಟಿನ ಕೆಳಗೆ ಗಂಟು ತಳ್ಳಲು ಬಗ್ಗಿ ಎದ್ದವಳ ಮುಖ ಬಿಳಿಚಿಕೊಂಡು, ಮೂಗಿನ ಮೇಲೆ ಬೆವರು ಸಾಲುಗಟ್ಟಿತ್ತು. ಟಿಕೆಟ್ ಹಿಡಿದ ಬೆರಳು ನಡುಗುತ್ತಿತ್ತು.

"ಯಾಕೆ ಭೀಮಿ, ಇಂಗೆ ನಡುಗ್ತೀಯ? ನಾನೇನು ಹುಲಿನಾ?"

"ಎದೆ ಹೊಡ್ಕಂತೈತೆ ಬಾವ," ಎಂದಳು ಮೆಲ್ಲಗೆ.

ಅಷ್ಟು ಸಾಕಾಯಿತು ಅವನಿಗೆ. ಮೂಗು ಬೆವರುವವಳಿಗೆ ಗಂಡನೆಂದರೆ ಪ್ರಾಣ ಅಂತ ಹಟ್ಟಿಯ ಹೆಂಗಸರು ಒಬ್ಬರನ್ನೊಬ್ಬರು ಕಾಡಿಸುವುದನ್ನು ಕೇಳಿದ್ದ. ಆ ದಿನ ಅರ್ಧ ಬಸ್ಸಿಗೆ ಟಿಕೆಟ್ ಕೊಡುವುದನ್ನೇ ಮರೆತ. ಮರುವರ್ಷ ಮದುವೆಯಾಯಿತು.

ಮದುವೆಯಾದ ಮೇಲೂ ಹಾಗೆಯೇ. ಅವನು ಡ್ಯೂಟಿ ಮುಗಿಸಿ ಬಾಗಿಲಿಗೆ ಬರುವ ಹೊತ್ತಿಗೆ, ಒಲೆ ಊದಿ ಎದ್ದವಳು ಬೆವೆತು ನಿಂತಿರುತ್ತಿದ್ದಳು.

"ಇನ್ನೂ ನಾಚ್ಕೆ ಹೋಗಿಲ್ವೇನೆ?" ಎಂದು ಟವೆಲ್ಲಿನಿಂದ ಮೂಗು ಒರೆಸುತ್ತಿದ್ದ. ಅವಳು ಓರೆಗಣ್ಣಲ್ಲಿ ನೋಡಿ ನಗುತ್ತಿದ್ದಳು. ಪೆದ್ದ, ಅವಳ ತಲೆ ಸಿಡಿಯುತ್ತಿದೆ ಎಂದು ಅವನಿಗೆ ಹೊಳೆಯಲೇ ಇಲ್ಲ.

ಬಸುರಿಯಾದಾಗ ಬೆವರು ಹೆಚ್ಚಿತು, ಅವನ ಹೆಮ್ಮೆಯೂ ಹೆಚ್ಚಿತು. "ಮಧುಗಿರಿಗೆ ಕರ್ಕೊಂಡೋಗಿ ತೋರ್ಸು ಕಣ್ಲಾ," ಎಂದಳು ಅವನ ತಾಯಿ ಗಿರಿಯಮ್ಮ.

"ಅದು ಕಾಯ್ಲೆ ಅಲ್ಲ ಕಣವ್ವ," ಎಂದು ನಕ್ಕುಬಿಟ್ಟ.

ಏಳನೇ ತಿಂಗಳಲ್ಲಿ ಕೊಡ ಎತ್ತಲು ಬಗ್ಗಿದ ಭೀಮಕ್ಕ ಅಲ್ಲೇ ಕುಸಿದಳು. ಮಧುಗಿರಿಯ ಡಾಕ್ಟರು ಬಿಪಿ ನೋಡಿ ಗಾಬರಿಯಾಗಿ ಬೆಂಗಳೂರಿಗೆ ಕಳಿಸಿದರು. ಅಲ್ಲಿ ಮೂತ್ರ ಪರೀಕ್ಷೆ, ಸ್ಕ್ಯಾನ್ ಎಲ್ಲ ಆದ ಮೇಲೆ ಲೇಡಿ ಡಾಕ್ಟರು ಅವನನ್ನು ಕೂರಿಸಿಕೊಂಡು ಹೇಳಿದರು.

"ಕಿಡ್ನಿ ಮೇಲಿರೋ ಗ್ರಂಥಿಯಲ್ಲಿ ಗೆಡ್ಡೆ ಇದೆಯಪ್ಪ. ಅದರಿಂದಲೇ ಬಿಪಿ ಏರೋದು, ಎದೆ ಹೊಡ್ಕೊಳ್ಳೋದು, ಬೆವರೋದು. ಮೊದಲು ಮಾತ್ರೆಯಲ್ಲಿ ಬಿಪಿ ಇಳಿಸಿ, ಆಮೇಲೆ ಆಪರೇಷನ್ ಮಾಡ್ತೀವಿ. ಮುಂಚೆ ಹೀಗೆ ಆಗ್ತಿರಲಿಲ್ವಾ?"

"ಆಗ್ತಿತ್ತು," ಎಂದ ಜುಂಜಪ್ಪ. ನನ್ನನ್ನು ನೋಡಿ ಆಗುತ್ತಿದೆ ಅಂದುಕೊಂಡಿದ್ದೆ ಎಂದು ಯಾವ ಬಾಯಲ್ಲಿ ಹೇಳುವುದು? ನಾಚಿಕೆಯಿಂದ ನೆಲಕ್ಕಿಳಿದುಹೋದ.

ಮಾತ್ರೆ ಹಿಡಿಯುವ ಮೊದಲೇ ಮಗು ಹೊಟ್ಟೆಯಲ್ಲೇ ತೀರಿಕೊಂಡಿತು. ಕೆಲವು ವಾರಗಳ ಮೇಲೆ ಗೆಡ್ಡೆ ತೆಗೆದರು. ಭೀಮಕ್ಕ ಉಳಿದಳು.

ವಾರ್ಡಿನಲ್ಲಿ ಅವಳ ಪಕ್ಕ ಕೂತು, ತಡೆಯಲಾರದೆ ಹೇಳಿದ. "ಆವತ್ತು ಬಸ್ನಾಗೆ ಆಗಿದ್ದೂ ಕಾಯ್ಲೆನೇ ಅಂತೆ ಕಣೆ."

"ಗೊತ್ತಿತ್ತು ಬಾವ. ನೀನು ಇಲ್ದಾಗ್ಲೂ ಬರ್ತಿತ್ತು."

"ಮತ್ಯಾಕೆ ಹೇಳ್ಲಿಲ್ಲ?"

"ನಿಂಗೆ ಅಷ್ಟು ಖುಷಿ ಆಗ್ತಿತ್ತಲ್ಲ." ಭೀಮಕ್ಕ ಗೋಡೆಯ ಕಡೆ ತಿರುಗಿದಳು. "ನಿನ್ ಮ್ಯಾಲೆ ಆಸೆ ಇಲ್ದಿದ್ರೆ ಆವತ್ತೇ ಹೇಳ್ಬುಡ್ತಿದ್ದೆ. ಮಗೂನೂ ಉಳೀತಿತ್ತೇನೋ."

ಅವಳ ಬಾಯಿಂದ ಆಸೆಯೆಂಬ ಮಾತು ಬಂದದ್ದು ಅದೇ ಮೊದಲು. ಅದನ್ನು ಕೇಳಲು ವರ್ಷಗಳಿಂದ ಕಾದಿದ್ದ ಜುಂಜಪ್ಪ, ಕೇಳಬಾರದಿತ್ತು ಎಂದುಕೊಂಡ.